ಸುಟ್ಟದ್ದು ಯಾವ ಪ್ರಾಂತ್ಯ?

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯವರ ಕ್ವಾರ್ಟರ್ಸಿನಲ್ಲಿ ರಾಮನವಮಿಯ ಹರಿಕಥೆಗೆ ಒಪ್ಪಿಕೊಂಡದ್ದೇ ತಪ್ಪಾಯಿತು ಎಂದು ಶಂಕರನಾರಾಯಣ ದಾಸರಿಗೆ ಅನ್ನಿಸಿದ್ದು ಸುಂದರಕಾಂಡ ಶುರುವಾದ ಸಂಜೆ. ಎರಡನೆಯ ಮಹಾಯುದ್ಧದ ಮೊದಲ ವರ್ಷ ಅದು. ಕಾರ್ಖಾನೆಯಲ್ಲಿ ಕೆಲಸ ಜೋರಾಗಿತ್ತು, ಆದರೂ ಪಾಳಿ ಮುಗಿಸಿದವರೆಲ್ಲ ಹೆಂಡತಿ ಮಕ್ಕಳ ಸಮೇತ ಬಂದು ಚಪ್ಪರದ ಕೆಳಗೆ ಕೂತಿದ್ದರು. ಹನುಮಂತ ಸಮುದ್ರ ಹಾರಿ ಆಚೆ ದಡದ ಬೆಟ್ಟದ ಮೇಲೆ ಕಾಲೂರಿದ. ದಾಸರು ಮುಂದಿನ ಪದ ಎತ್ತಿಕೊಳ್ಳುವಷ್ಟರಲ್ಲಿ ಮುಂದಿನ ಸಾಲಿನಿಂದ ಕರಿಕೋಟು ತೊಟ್ಟ ವಯಸ್ಸಾದವರೊಬ್ಬರು ಎದ್ದು ಕೈಮುಗಿದರು.

"ದಾಸರೇ, ಒಂದು ಸಂಶಯ. ಸ್ವಾಮಿ ಇಳಿದಿದ್ದು ಯಾವ ಪ್ರಾಂತ್ಯದಲ್ಲಿ?"

"ಲಂಕೆಯಲ್ಲಿ," ಎಂದರು ದಾಸರು.

"ಲಂಕೆ ಸರಿ. ಅದರಲ್ಲಿ ಒಂಬತ್ತು ಪ್ರಾಂತ್ಯ ಇದಾವೆ. ಹತ್ತಿರ ಅಂತ ಉತ್ತರ ಪ್ರಾಂತ್ಯದಲ್ಲಿ ಇಳಿದಿದ್ರೆ ಅಲ್ಲಿ ಬೆಟ್ಟಾನೇ ಇಲ್ಲ, ಬರೀ ತಾಳೆಮರ. ಅದಕ್ಕೆ ಕೇಳಿದೆ."

ಜನ ನಕ್ಕರು. ದಾಸರೂ ಮರ್ಯಾದೆಗೆ ನಕ್ಕು ಹಾಡು ಮುಂದುವರಿಸಿದರು. ಆದರೆ ಹಿಂದಿನಿಂದ ತಮಿಳು ಕೆಲಸಗಾರನೊಬ್ಬ, ತನ್ನ ಮಾವ ಲಂಕೆಯ ಹ್ಯಾಟನ್ನಿನ ಟೀ ತೋಟದಲ್ಲಿದ್ದಾನೆ, ಅದು ಯಾವ ಪ್ರಾಂತ್ಯ ಎಂದು ಕೇಳಿದ. ಕರಿಕೋಟಿನವರು ಪೂರ್ತಿ ತಿರುಗಿ ನಿಂತು, ಮಧ್ಯ ಪ್ರಾಂತ್ಯವೆಂದೂ ಅದರ ಕಚೇರಿ ಕ್ಯಾಂಡಿಯಲ್ಲಿದೆಯೆಂದೂ ವಿವರಿಸತೊಡಗಿದರು. ಹನುಮಂತ ಬೆಟ್ಟದ ಮೇಲೆ ನಿಂತೇ ಇದ್ದ.

ಕಥೆ ಮುಗಿದ ಮೇಲೆ ದಾಸರು ಉತ್ಸವ ಸಮಿತಿಯ ನರಸಿಂಹಮೂರ್ತಿಯನ್ನು ಹಿಡಿದರು. "ಯಾರ್ರೀ ಆ ಮಹಾನುಭಾವ?"

"ಚೌಡಯ್ಯನೋರು. ಸಿಲೋನಿನ ಸರ್ಕಾರಿ ಕಚೇರಿಲಿ ಬಹಳ ವರ್ಷ ಇದ್ದು ಬಂದಿದಾರೆ. ವಯಸ್ಸಾದೋರು, ನೀವೇ ಸುಧಾರಿಸ್ಕೊಳ್ಳಿ."

ಮರುದಿನ ಅಶೋಕವನ. ತಮ್ಮ ಶಿವಮೊಗ್ಗದಲ್ಲಿ ಸೀತೆಯ ಶೋಕಕ್ಕೆ ಹೆಂಗಸರನ್ನು ಅಳಿಸದೆ ದಾಸರು ಎಂದೂ ಬಿಟ್ಟವರಲ್ಲ. ಇಲ್ಲಿಯೂ ಸೆರಗು ಕಣ್ಣಿಗೆ ಹೋಗುತ್ತಿದ್ದ ಹೊತ್ತಿಗೆ ಚೌಡಯ್ಯ ಎದ್ದರು.

"ಅಶೋಕವನ ಇರೋದು ನುವರ ಎಲಿಯದ ಹತ್ರ ಅಂತಾರೆ ದಾಸರೇ. ಅದೂ ಮಧ್ಯ ಪ್ರಾಂತ್ಯನೇ. ಬೆಳಗಿನ ಹೊತ್ತು ಹಲ್ಲು ಕಟಕಟ ಅನ್ನೋ ಚಳಿ. ತಾಯಿ ಒಂದು ಸೀರೇಲಿ ಕೂತಿದ್ರು ಅಂದ್ರಲ್ಲ, ಹೆಂಗೆ ತಡ್ಕೊಂಡ್ರು?"

ಅಳಲು ಸಿದ್ಧರಾಗಿದ್ದ ಹೆಂಗಸರೆಲ್ಲ ಅಳು ಮರೆತು ಯೋಚನೆಗೆ ಬಿದ್ದರು. "ಒಂದು ಕಂಬಳಿನಾದ್ರೂ ಕೊಟ್ಟಿದ್ರಾ ದಾಸರೇ?" ಎಂದು ಒಬ್ಬ ಅಜ್ಜಿ ಕೇಳಿದಳು. ರಾಕ್ಷಸಿಯರಿಗೆ ಅಷ್ಟೂ ಕರುಣೆ ಇರಲಿಲ್ಲವೇ ಎಂದು ಇನ್ನೊಬ್ಬಳು. ಆ ಸಂಜೆ ಕಂಬಳಿಯ ಮಾತು ತಣ್ಣಗಾಗುವುದರೊಳಗೆ ಮಂಗಳಾರತಿಯ ಹೊತ್ತಾಗಿತ್ತು.

ಮೂರನೆಯ ದಿನ ಲಂಕಾದಹನ. ಅದು ದಾಸರಿಗೆ ಹೆಸರು ತಂದ ಕಥೆ. ಅದನ್ನೂ ಈ ಮನುಷ್ಯನ ಬಾಯಿಗೆ ಕೊಡುವುದಿಲ್ಲವೆಂದು ಮಧ್ಯಾಹ್ನ ಉರಿಬಿಸಿಲಿನಲ್ಲೇ ಚೌಡಯ್ಯನ ಮನೆ ಹುಡುಕಿಕೊಂಡು ಹೋದರು. ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ಹೆಂಡತಿ ಹುಚ್ಚಮ್ಮ ಗಡಬಡಿಸಿ ಎದ್ದಳು.

"ಬೈಯೋಕೆ ಬಂದ್ರಾ ಸ್ವಾಮಿ? ಬೈರಿ, ನಾನು ಬ್ಯಾಡ ಅನ್ನಲ್ಲ. ನನಗೂ ಸಾಕಾಗೋಗಿದೆ. ಉಪ್ಪು ಮುಗೀತು ಅಂದ್ರೆ ಲಂಕೇಲಿ ಉಪ್ಪು ಬೆಳೆಯೋದು ಯಾವ ಪ್ರಾಂತ್ಯ ಅಂತ ಶುರು ಮಾಡ್ತಾರೆ." ಮೊರ ಕೆಳಗಿಟ್ಟು ದನಿ ತಗ್ಗಿಸಿದಳು. "ಅಲ್ಲಿ ಹೊರಗಿನೋರು ಬ್ಯಾಡ ಅಂತ ಕೆಲಸದಿಂದ ತೆಗೆದ್ರು. ಇಲ್ಲಿ ಕಾರ್ಖಾನೆ ಗೇಟಲ್ಲಿ ಕೆಲಸದೋರಿಗೆ ಹಾಜರಿ ಟೋಕನ್ ಕೊಡ್ತಾರೆ. ತಗೊಳ್ಳೋರು ಟೋಕನ್ ನೋಡ್ತಾರೆ, ಇವರ ಮುಖ ಯಾರು ನೋಡ್ತಾರೆ? ಮೊನ್ನೆ ಆ ತಮಿಳಿನೋನು ಕೇಳಿದ್ನಲ್ಲ, ಆವತ್ತು ಇವರು ಎರಡು ತುತ್ತು ಜಾಸ್ತಿ ಉಂಡ್ರು."

ಅಷ್ಟರಲ್ಲಿ ಪಾಳಿ ಮುಗಿಸಿ ಚೌಡಯ್ಯ ಬಂದರು. ದಾಸರು ತಮ್ಮನ್ನು ಕೇಳಿ ತಿಳಿಯಲೆಂದೇ ಬಂದಿದ್ದಾರೆ ಎಂದುಕೊಂಡು ಅವರ ಮುಖ ಅರಳಿತು. ಚಾಪೆ ಹಾಸಿದರು, ಎಳನೀರು ಕೊಚ್ಚಿ ಕೊಟ್ಟರು. ದಾಸರು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಬೈಗುಳ ಎಳನೀರಿನ ಜೊತೆ ಒಳಕ್ಕೆ ಹೋಯಿತು. ಈಗಲೇ ಕೇಳಿ ಮುಗಿಸಿಬಿಟ್ಟರೆ ಸಂಜೆಗಾದರೂ ನೆಮ್ಮದಿ ಸಿಗಬಹುದು ಎನ್ನಿಸಿತು.

"ಚೌಡಯ್ಯನೋರೆ, ಇವತ್ತು ದಹನ. ಹನುಮಂತ ಸುಟ್ಟಿದ್ದು ಯಾವ ಪ್ರಾಂತ್ಯ ಅಂತ ನೀವೇ ಹೇಳಿ. ಅದನ್ನೇ ಹಾಡ್ತೀನಿ."

ಚೌಡಯ್ಯ ಉತ್ಸಾಹದಿಂದ ಬಾಯಿ ತೆರೆದವರು ಹಾಗೇ ಮುಚ್ಚಿದರು. ಬೆರಳು ಮಡಿಸಿ ಒಂದೊಂದೇ ಪ್ರಾಂತ್ಯ ಎಣಿಸತೊಡಗಿದರು.

"ಊವ ಪ್ರಾಂತ್ಯ ಬ್ಯಾಡ. ಅಲ್ಲಿ ಬದುಳ್ಳ ಊರಲ್ಲಿ ನಮ್ಮ ಕಚೇರೀಲಿದ್ದ ಬಂಡಾ ಅನ್ನೋನು ಇದಾನೆ, ಮನೆ ತುಂಬ ಹೆಣ್ಣುಮಕ್ಕಳು. ಸಬರಗಮುವ ಪ್ರಾಂತ್ಯದಲ್ಲಿ ನನಗೆ ಜ್ವರ ಬಂದಾಗ ಗಂಜಿ ಕಾಯಿಸಿ ಕುಡಿಸಿದ ಮುದುಕಿ ಇದ್ಲು. ದಕ್ಷಿಣ ಪ್ರಾಂತ್ಯದೋರು ಪಾಪದೋರು."

"ಪಶ್ಚಿಮ ಪ್ರಾಂತ್ಯ?"

"ಕೊಲಂಬೊ ಅಲ್ಲೇ ಇರೋದು. ನನ್ನ ತೆಗೆದ ಸಾಹೇಬನೂ ಅಲ್ಲೇ ಇದಾನೆ. ಸುಡಿ." ಅಂದವರೇ ತಲೆ ಅಲ್ಲಾಡಿಸಿದರು. "ಬ್ಯಾಡ ದಾಸರೇ. ಅವನ ಹೆಂಡ್ತಿ ಒಳ್ಳೆಯೋಳು."

"ಎಲ್ಲಾದ್ರೂ ಸುಡಲೇಬೇಕಲ್ಲ ಮಾರಾಯ್ರೆ! ರಾಮಾಯಣ ನಾನು ಬರೆದಿದ್ದಲ್ಲ," ಎಂದು ದಾಸರು ತಾಳ್ಮೆಗೆಟ್ಟು ಎದ್ದರು.

ಸಂಜೆ ಜನ ಚಪ್ಪರದ ಆಚೆಗೂ ನಿಂತಿದ್ದರು. ರಾಕ್ಷಸರು ಬಾಲಕ್ಕೆ ಬೆಂಕಿಯಿಟ್ಟರು. ತಮಿಳು ಕೆಲಸಗಾರ ಎದ್ದು ಯಾವ ಪ್ರಾಂತ್ಯವೆಂದು ಕೇಳಿಯೇಬಿಟ್ಟ. ಎಲ್ಲರೂ ಚೌಡಯ್ಯನ ಕಡೆ ನೋಡಿದರು. ಅವರು ಮೊಳಕಾಲ ಮೇಲೆ ಕೈಯೂರಿ ನೆಲ ನೋಡುತ್ತ ಕೂತಿದ್ದರು.

ದಾಸರು ಹಾಡು ಎತ್ತಿಕೊಂಡರು. ಎಷ್ಟೋ ವರ್ಷದಿಂದ ಬಾಯಿಗೆ ಕೂತಿದ್ದ ಪದ, ಬೀದಿ ಬೀದಿ ಹೊತ್ತಿ ಉರಿಯುವ ಪದ. ಆದರೆ ಬೀದಿ ಎಂದಾಗಲೆಲ್ಲ ಯಾರೋ ಬಂಡಾನ ಹೆಣ್ಣುಮಕ್ಕಳು ಮನೆಯಿಂದ ಓಡಿ ಬರುವುದು ಕಾಣಿಸಿತು. ಹಾಳಾಗಿಹೋಗಲಿ ಎಂದು ಸಿಟ್ಟಿನಲ್ಲೇ ಪದ ತಿರುಗಿಸಿದರು. ಅವರ ಹನುಮಂತ ಅರಮನೆಯ ಮಾಳಿಗೆಯೇರಿ, ಊರವರೆಲ್ಲ ಮಕ್ಕಳು ಮರಿ ಕರೆದುಕೊಂಡು ದೂರ ಹೋಗಿ ಎಂದು ಕೂಗಿ, ರಾವಣನ ಆಯುಧದ ಮನೆಯೊಂದಕ್ಕೆ ಬಾಲ ತಾಗಿಸಿ, ಸೀದಾ ಹೋಗಿ ಸಮುದ್ರಕ್ಕೆ ಧುಮುಕಿದ. ಚೌಡಯ್ಯ ಕನ್ನಡಕ ತೆಗೆದು ಕೋಟಿನ ತುದಿಯಿಂದ ಒರೆಸಿಕೊಂಡರು.

ಮಂಗಳಾರತಿಯಾದದ್ದೇ ತಡ ನರಸಿಂಹಮೂರ್ತಿ ಬಂದರು. "ಏನ್ ದಾಸರೇ ಇದು? ಮಕ್ಕಳು ಬೆಂಕಿ ನೋಡೋಕೆ ಅಂತ ಬಂದಿದ್ವು. ಹ್ಯಾಂಡ್‌ಬಿಲ್ಲಲ್ಲಿ ಲಂಕಾದಹನ ಅಂತ ಹಾಕ್ಸಿದೀವಿ. ನೀವು ಸುಟ್ಟಿದ್ದು ಒಂದು ಉಗ್ರಾಣ."

ದಾಸರು ಹಾರ ತೆಗೆದು ಶಾಲು ಮಡಿಸುತ್ತಿದ್ದಾಗ ಹುಚ್ಚಮ್ಮ ಹೆಂಗಸರ ಗುಂಪು ಬಿಟ್ಟು ಬಂದು ನಮಸ್ಕಾರ ಮಾಡಿದಳು.

"ಇವತ್ತು ಅವರು ಒಂದು ಮಾತೂ ಆಡಲಿಲ್ಲ ಸ್ವಾಮಿ. ನಾನು ನೆಮ್ಮದಿಯಾಗಿ ಕಥೆ ಕೇಳಿದೆ. ನಾಳೆನೂ ಒಂಚೂರು ಸುಡಿ."

"ಬಾಲಕ್ಕೆ ಬೆಂಕಿಯಿಟ್ಟಿದ್ದು ಒಂದೇ ಸಲ, ತಾಯಿ," ಎಂದರು ದಾಸರು.

ನರಸಿಂಹಮೂರ್ತಿ ಹ್ಯಾಂಡ್‌ಬಿಲ್ಲು ಹಿಡಿದು ಇನ್ನೂ ಅಲ್ಲೇ ನಿಂತಿದ್ದರು.