ನೆಲಮಾಳಿಗೆಯ ಚೌಕಟ್ಟು

ಮೈಮೂನತ್ ತೀರಿಕೊಂಡು ವರ್ಷ ತುಂಬುವ ಮೊದಲೇ ಅವಳ ಗಂಡನೂ ಅಣ್ಣನೂ ಒಂದೇ ನೆಲಮಾಳಿಗೆಯಲ್ಲಿ, ಒಬ್ಬರ ಮುಖ ಒಬ್ಬರು ನೋಡದೆ ಕೆಲಸ ಮಾಡಬೇಕಾಗಿ ಬಂತು. ಅಣ್ಣ ಅಬ್ದುಲ್ ಹಕೀಮ್ ಬಡಗಿ. ಗಂಡ ಮಹಮ್ಮದ್ ಕುಂಞಿ ನಲ್ಲಿ, ಕೊಳವೆಗಳ ಕೆಲಸದವನು. ಇಬ್ಬರಿಗೂ ಸೌದಿಯ ಹಫ್ರ್ ಅಲ್ ಬಾತಿನ್‌ನಲ್ಲಿ ಅನ್ನದ ದಾರಿ ತೋರಿಸಿದವರು ಭಟ್ಕಳದ ಶಂಸುದ್ದೀನ್ ಸಾಹೇಬರು. ಅವರ ಅಂಗಡಿಯ ಕೆಳಗಿನ ನೆಲಮಾಳಿಗೆಯಲ್ಲಿ ಕೆಲಸಗಾರರಿಗೆಂದು ಒಂದು ಬಚ್ಚಲು, ಪಾಯಿಖಾನೆ ಎಬ್ಬಿಸಬೇಕಿತ್ತು. ಆಗ ಇಸವಿ ಎಂಬತ್ತನಾಲ್ಕು.

ಜಗಳ ಇದ್ದದ್ದು ಮೈಮೂನತಳ ಮಗಳು ಪುಟ್ಟ ನಫೀಸತಳ ವಿಷಯಕ್ಕೆ. ಬ್ಯಾರಿಗಳ ರೂಢಿಯಂತೆ ಮಗು ಹುಟ್ಟಿ ಬೆಳೆದದ್ದು ಉಳ್ಳಾಲದ ತಾಯಿಮನೆಯಲ್ಲಿ. ಈಗ ಕುಂಞಿ ಬಂಟ್ವಾಳದಲ್ಲಿ ಇನ್ನೊಂದು ಮದುವೆಗೆ ಮಾತು ಕೊಟ್ಟಿದ್ದ. ಮಗಳನ್ನೂ ಅಲ್ಲಿಗೇ ಒಯ್ಯುತ್ತೇನೆ ಎನ್ನುತ್ತಿದ್ದ. ತಂಗಿ ಬಿಟ್ಟುಹೋದ ಒಂದೇ ಜೀವವನ್ನು ಹಕೀಮ್ ಹೇಗೆ ಬಿಟ್ಟಾನು? ಮಾತಿಗೆ ಮಾತು ಬೆಳೆದು, ಕೊನೆಗೆ ಸಾಹೇಬರು ಹೇಳಿದ್ದೇ ಕೊನೆ ಎಂದು ಇಬ್ಬರೂ ಒಪ್ಪಿದರು. ಅಂದು ಸಾಹೇಬರು ಇಳಿಹೊತ್ತಿನ ಅಸರ್ ನಮಾಝ್ ಮುಗಿಸಿ ಬಂದು, ಕೆಲಸ ನೋಡಿ, ಈ ಮಾತನ್ನೂ ಇತ್ಯರ್ಥ ಮಾಡುವವರಿದ್ದರು.

"ಬೆಳಗ್ಗೆ ಸುಬುಹಿಗೆ ನಿನ್ನನ್ನು ಮಸೀದಿಯಲ್ಲಿ ಕಾಣಲಿಲ್ಲ ಕುಂಞಿ," ಎಂದ ಹಕೀಮ್, ಮರದ ರೀಪಿಗೆ ಮೊಳೆ ಹೊಡೆಯುತ್ತಾ.

"ನೀವು ನಮಾಝಿಗೆ ಹೋದದ್ದಾ ಭಾವ, ಹಾಜರಿ ಕರೆಯಲಿಕ್ಕೆ ಹೋದದ್ದಾ?"

"ನಮಾಝಿಲ್ಲದ ಮನೆಯಲ್ಲಿ ನನ್ನ ತಂಗಿಯ ಮಗಳು ಬೆಳೆಯಬಾರದು. ಸಾಹೇಬರಿಗೂ ಅದನ್ನೇ ಹೇಳಿದ್ದೇನೆ."

"ಹೇಳಿ, ಹೇಳಿ. ನಿಮ್ಮ ತಂಗಿಯ ಮಗಳಿಗೆ ಒಬ್ಬ ಅಪ್ಪನೂ ಇದ್ದಾನೆ ಎಂದು ಹೇಳಲಿಕ್ಕೆ ಮಾತ್ರ ಮರೆತಿರಬೇಕು."

ಮೇಲಿನ ಮಹಡಿಯ ಕೊಳವೆಗಳು ಗೋಡೆಯ ಗುಂಟ ಇಳಿದು ಮೂಲೆಯಲ್ಲಿ ನೆಲ ಸೇರಿದ್ದವು. ಕಟ್ಟಡ ಕಟ್ಟಿದವರು ಅಲ್ಲೇ ಪಾಯಿಖಾನೆಗೊಂದು ಬಾಯಿ ಬಿಟ್ಟಿದ್ದರು. ಅದನ್ನು ಕದಲಿಸುವಂತಿರಲಿಲ್ಲ, ಅದರ ಸುತ್ತ ಮರದ ಚೌಕಟ್ಟು ನಿಲ್ಲಿಸಿ ಹಲಗೆ ಬಡಿಯಬೇಕಿತ್ತು. ಪಿಂಗಾಣಿ ಬಟ್ಟಲನ್ನು ಕೊಳವೆಗೆ ನೇರವಾಗಿ ಕೂರಿಸುವ ಎಂದಿದ್ದ ಕುಂಞಿ. ನೇರ ಎಂದರೆ ಮುಖ ಪಡುವಣಕ್ಕೆ. ಹಕೀಮ್ ಕೇಳಿಯೇ ಉರಿದುಬಿದ್ದಿದ್ದ. ಶೌಚಕ್ಕೆ ಕೂತವನ ಮುಖವಾಗಲಿ ಬೆನ್ನಾಗಲಿ ಕಅಬಾದ ಕಡೆಗೆ ಇರಬಾರದೆಂಬುದು ಮುಸಲ್ಮಾನನಾದವನಿಗೆ ತಿಳಿಯದೆ? ಊರಿನಲ್ಲಿ ಕಿಬ್ಲಾ, ಆ ಕಅಬಾದ ದಿಕ್ಕು, ಪಡುವಣಕ್ಕೆ. ಹಕೀಮ್ ಬಹುಕಾಲ ದುಡಿದ ಜಿದ್ದಾದಲ್ಲಿ ಅದು ಮೂಡಣಕ್ಕೆ. ಎರಡು ಕಡೆಯೂ ಅವನು ಬಡಗು-ತೆಂಕಾಗಿ ಚೌಕಟ್ಟು ನಿಲ್ಲಿಸಿದವನು, ಎಲ್ಲಿಯೂ ಯಾರೂ ತಪ್ಪು ತೆಗೆದಿರಲಿಲ್ಲ. ಇಲ್ಲಿಯೂ ಹಟ ಹಿಡಿದು ತೆಂಕು ಮುಖವಾಗಿಯೇ ನಿಲ್ಲಿಸಿದ. ಕುಂಞಿ ಬೈದುಕೊಂಡೇ ಕೊಳವೆಯನ್ನು ಬಾಗಿಸಿ, ಬಟ್ಟಲು ಕೂರಿಸಿ, ಸುತ್ತ ಕಾಂಕ್ರೀಟು ಹಾಕಿದ್ದ.

ಸಾಹೇಬರು ಮೆಟ್ಟಿಲಿಳಿದು ಬಂದರು. ಚೌಕಟ್ಟನ್ನು ಕೈಯಿಂದ ಅಲುಗಿಸಿ ನೋಡಿದರು, ಗಟ್ಟಿಯಿತ್ತು. ಒಳಗೆ ಇಣುಕಿ ಬಟ್ಟಲನ್ನು ನೋಡಿದರು. ಮತ್ತೆ ಮೆಟ್ಟಿಲಿನ ಕಡೆ, ಬೀದಿಯ ಕಡೆ ತಿರುಗಿ ಮನಸ್ಸಿನಲ್ಲೇ ಏನೋ ಅಳೆದರು. ಅವರ ಮುಖ ಕಪ್ಪಿಟ್ಟಿತು.

"ಎಂತ ಕುಂಞಿ, ಇದನ್ನು ಹೀಗೆ ಕೂರಿಸುವುದಾ? ಇದು ಊರಲ್ಲ ಮಾರಾಯ. ಇಲ್ಲಿಂದ ಮಕ್ಕಾ ಪಡುವಣದಿಂದ ತೆಂಕಿಗೆ ವಾಲಿ ಉಂಟು. ನಮ್ಮ ಕಟ್ಟಡವೂ ಓರೆ. ಎದುರಿನ ಮಸೀದಿಯಲ್ಲಿ ಇಮಾಮರು ನಿಲ್ಲುವ ಮಿಹ್ರಾಬ್ ಯಾವ ಕಡೆಗೋ ಇದರ ಮುಖವೂ ಸರಿಯಾಗಿ ಅದೇ ಕಡೆಗೆ."

ಹಕೀಮನ ಕೈಯ ಸುತ್ತಿಗೆ ನಿಂತಿತು. ಹೌದು. ದಿನಾ ಸಾಲಿನಲ್ಲಿ ನಿಂತು ಎಲ್ಲರೂ ತಿರುಗಿದ ಕಡೆಗೆ ತಿರುಗುತ್ತಿದ್ದ. ಅದು ಯಾವ ದಿಕ್ಕೆಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಕುಂಞಿ ಸಿಮೆಂಟಿನ ಕೈಯನ್ನು ಬಟ್ಟೆಗೆ ಒರೆಸಿಕೊಂಡ. "ನನಗೆಂತ ಗೊತ್ತು ಸಾಹೇಬರೇ? ಭಾವನವರು ಇದ್ದಾರಲ್ಲ, ದೀನ್ ತಿಳಿದವರು. ಅವರನ್ನೇ ಕೇಳಿ."

ಸಾಹೇಬರಿಗೆ ಇನ್ನಷ್ಟು ಸಿಟ್ಟು ಬಂತು. "ನಿನ್ನ ತಪ್ಪಿಗೆ ಅವನನ್ನು ಎಳೆಯಬೇಡ. ಹಕೀಮ ಹೇಳಿದ್ದು ಸರಿ. ಕಿಬ್ಲಾ ತಿಳಿಯದವನು ಮಗುವಿಗೆ ಎಂತ ಕಲಿಸುತ್ತಾನೆ? ಹುಡುಗಿ ಉಳ್ಳಾಲದಲ್ಲಿ ಅಜ್ಜಿಯ ಹತ್ತಿರವೇ ಇರಲಿ. ಮುಗಿಯಿತು."

ಕುಂಞಿ ಗೋಡೆಗೆ ಒರಗಿ ಹಕೀಮನನ್ನೇ ನೋಡುತ್ತಾ ನಿಂತ. ಆ ನೋಟದಲ್ಲಿ ಬೇಡಿಕೆ ಇರಲಿಲ್ಲ. ಇವನು ಇನ್ನು ಬಾಯಿ ಬಿಡುವವನಲ್ಲ ಎಂಬ ತಿರಸ್ಕಾರ ಇತ್ತು.

ಹಕೀಮ್ ಸುತ್ತಿಗೆಯನ್ನು ನೆಲಕ್ಕಿಟ್ಟ. ಸುಮ್ಮನಿದ್ದರೆ ಸಾಕು, ಮಗು ಅಜ್ಜಿಯ ಮಡಿಲಲ್ಲೇ ಉಳಿಯುತ್ತದೆ. ಕೇಳಿದ್ದು ಅದನ್ನೇ ತಾನೆ? ಪ್ರತಿ ಸುಜೂದಿನಲ್ಲೂ, ಹಣೆ ನೆಲಕ್ಕಿಟ್ಟು, ಆ ಒಡೆಯನ ಹತ್ತಿರ ಕೇಳಿದ್ದು. ಅದು ಹೀಗೆ ಕೈಗೆ ಬಂದಿತ್ತು. ಆದರೆ ಇಂದು ಮುಸ್ಸಂಜೆ ಮಗ್ರಿಬಿಗೆ ಅದೇ ಒಡೆಯನ ಮುಂದೆ ನಿಂತು ಏನೆಂದು ಹೇಳುವುದು?

"ಸಾಹೇಬರೇ, ಹೀಗೆ ನಿಲ್ಲಿಸಿದ್ದು ನಾನು," ಎಂದ. "ಅವನು ಬೇಡ ಎಂದಿದ್ದ. ನಾನೇ ಹಟ ಮಾಡಿದೆ."

ಸಾಹೇಬರು ಇನ್ನೊಮ್ಮೆ ಬಟ್ಟಲಿನ ಕಡೆ ನೋಡಿದರು. "ಹಾಗಾದರೆ ನಾನು ಕೊಟ್ಟ ಕಾರಣ ಬಿತ್ತು," ಎಂದರು. "ಬೇರೆ ಕಾರಣ ನನ್ನ ಹತ್ತಿರ ಇಲ್ಲ ಹಕೀಮ. ಮಗು ಅಪ್ಪನದು. ಅವನು ಕರೆದುಕೊಂಡು ಹೋಗಲಿ." ಅಲ್ಲಿಂದಲೇ ತಿರುಗಿ ಮೆಟ್ಟಿಲೇರಿದರು.

ಕುಂಞಿ ಉಳಿ, ಸುತ್ತಿಗೆ ತೆಗೆದುಕೊಂಡು ಕಾಂಕ್ರೀಟಿನ ಮುಂದೆ ಕುಕ್ಕುರು ಕೂತ. "ಯಲ್ಲಾ, ಏಳಿ ಭಾವ. ನಿಜ ಹೇಳಿದ ಪುಣ್ಯ ನಿಮಗೆ, ನೆಲ ಒಡೆಯುವ ಕೆಲಸ ನನಗೆ. ಚೌಕಟ್ಟು ಕೀಳಿ, ಜಾಗ ಬೇಕು."

ಹಕೀಮ್ ಮೊಳೆ ಕೀಳತೊಡಗಿದ. ರೀಪುಗಳನ್ನು ಒಂದೊಂದಾಗಿ ಗೋಡೆಗೆ ಆನಿಸಿದ. ಕೊನೆಗೆ ಅವನಿಂದ ತಡೆಯಲಾಗಲಿಲ್ಲ.

"ಅವಳಿಗೆ ಮೀನಿನ ಮುಳ್ಳು ಬಿಡಿಸಿಯೇ ಕೊಡಬೇಕು. ಇಲ್ಲದಿದ್ದರೆ ಬರೀ ಅನ್ನ ತಿಂದು ಏಳುತ್ತಾಳೆ."

"ಮುಳ್ಳು ಬಿಡಿಸಲಿಕ್ಕೆ ನನಗೂ ಕೈ ಉಂಟು," ಎಂದ ಕುಂಞಿ, ತಲೆ ಎತ್ತದೆ. ಉಳಿಯ ಏಟು ನೆಲಮಾಳಿಗೆಯೊಳಗೆ ಕಿವಿ ಗಡಚಿಕ್ಕುವ ಹಾಗೆ ಬೀಳುತ್ತಿತ್ತು. ಹಕೀಮ್ ಮತ್ತೇನೋ ಹೇಳಿದ. ಅದು ಕುಂಞಿಗೆ ಕೇಳಿಸಲಿಲ್ಲ, ಅವನು ಕೈ ನಿಲ್ಲಿಸಲೂ ಇಲ್ಲ.