ಸೀಟಿನ ಕೆಳಗೊಂದು ಅವರೆ ಸಿಪ್ಪೆ

ಟಪ್ ಅಂತ ಒಂದು ಸಣ್ಣ ಸದ್ದು, ಮತ್ತೆ ಟಪ್, ಕಾರಿನ ಒಳಗಿಂದಲೇ ಬಂತಲ್ಲ, ಇಲಿ ಹೊಕ್ಕಿದೆಯೇ, ಇಲಿ ಹೊಕ್ಕರೆ ಮೊದಲು ಹೋಗುವುದು ಸೀಟಿನ ಫೋಮು, ಆಮೇಲೆ ವೈರು — ಅಕ್ರಂ ಪಾಷಾ ಕುಣಿಗಲ್ಲಿನ ನರಸಯ್ಯ ಮೇಷ್ಟ್ರ ಮನೆಯ ಗೇಟಿನ ಚಿಲಕ ಹಿಡಿದು ನಿಂತ, ಹಿಂದೆ ಹೆಂಡತಿ ಅಮೀನಾ ಬೀ ಆಟೋದಿಂದ ಇಳಿಯುತ್ತಿದ್ದಾಳೆ, ಮೊದಲು ಕೋಲು, ಆಮೇಲೆ ಎಡಗಾಲು, ಆಮೇಲೆ ಆ ಯಾ ಅಲ್ಲಾ, ಬಚ್ಚಲಲ್ಲಿ ಜಾರಿ ಬಿದ್ದು ಸೊಂಟಕ್ಕೆ ಸ್ಟೀಲ್ ಹಾಕಿಸಿಕೊಂಡಾಗಿನಿಂದ ಕೂತರೂ ಯಾ ಅಲ್ಲಾ, ಎದ್ದರೂ ಯಾ ಅಲ್ಲಾ, ಎರಡು ವರ್ಷವಾಯಿತು ಅವಳು ಅಕ್ಕನ ಮನೆಗೆ ಹೋಗಿ, ತುಮಕೂರಿಂದ ಗುಬ್ಬಿ ಏನು ದೆಹಲಿಯೇ, ಇಪ್ಪತ್ತು ಕಿಲೋಮೀಟರ್, ಆದರೆ ಬಸ್ಸಿನ ಸೀಟು ಕಲ್ಲು, ಆಟೋದ್ದು ಇನ್ನೂ ಕಲ್ಲು, ಅಕ್ಕತಂಗಿಯರಿಬ್ಬರೂ ಫೋನಿನಲ್ಲೇ ಮುಖ ನೋಡಿಕೊಂಡು ಅಳುತ್ತಾರೆ, ಒಬ್ಬಳದು ಬರೀ ಹಣೆ ಕಾಣುತ್ತದೆ, ಇನ್ನೊಬ್ಬಳ ಕಡೆ ಬರೀ ಫ್ಯಾನು. ಊರ ಕಾರಿಗೆಲ್ಲ ಮೆತ್ತಗಿನ ಸೀಟು ಹೊಲಿದುಕೊಟ್ಟವನ ಹೆಂಡತಿಗೆ ಕೂರಲು ಒಂದು ಸೀಟಿಲ್ಲ, ನಾಚಿಕೆ ಆಗಬೇಕು ನಿನಗೆ ಅಕ್ರಂ — ಆಗಿದೆ, ಅದಕ್ಕೇ ಅಲ್ಲವೇ ಮೂರು ಲಕ್ಷದೊಳಗೆ ಒಂದು ಹಳೆ ಕಾರು ಅಂತ ಎರಡು ತಿಂಗಳಿಂದ ಚಪ್ಪಲಿ ಸವೆಸುತ್ತಿರುವುದು, ಒಮ್ಮೆ ಮೋಸ ಹೋದರೆ ಇನ್ನೊಂದು ಸಲ ಕೊಳ್ಳುವ ಮಾತೇ ಇಲ್ಲ.

ಬಾನೆಟ್ ಎತ್ತಿ ನೋಡುವುದು ಪಕ್ಕದ ಗ್ಯಾರೇಜಿನ ರೇಣುಕಾಪ್ರಸಾದನ ಕೆಲಸ, ಇಪ್ಪತ್ತು ವರ್ಷದ ಗೆಳೆಯ, ಇಂಜಿನ್ನಿನ ಸದ್ದಿನಲ್ಲೇ ಅದರ ಜಾತಕ ಹೇಳುವವನು. ಅಕ್ರಂ ನೋಡುವುದು ಸೀಟು. ತುಮಕೂರಿನ ಶಿರಾ ಗೇಟಿನ ಅಂಗಡಿಯಲ್ಲಿ ಮೂವತ್ತು ವರ್ಷ ಕವರು ಬಿಚ್ಚಿ ಬಿಚ್ಚಿ, ಯಾರು ಎಷ್ಟು ಕೂತಿದ್ದಾರೆ, ಯಾವ ಕಡೆ ವಾಲಿ ಕೂತಿದ್ದಾರೆ, ಎಲ್ಲ ಅವನ ಅಂಗೈಗೆ ಗೊತ್ತು. ಅಲ್ಲೇ ಒಬ್ಬ ಡೀಲರ್ ತೋರಿಸಿದ ಬಿಳಿ ಕಾರು ಫಳಫಳ ಅನ್ನುತ್ತಿತ್ತು, ಸಾಬ್ರೇ ಬರೀ ಮೂವತ್ತೆಂಟು ಸಾವ್ರ ಓಡೈತೆ, ಡಾಕ್ಟ್ರು ಇಟ್ಕೊಂಡಿದ್ ಗಾಡಿ — ಈ ಊರಲ್ಲಿ ಒಬ್ಬೊಬ್ಬ ಡಾಕ್ಟರು ಎಷ್ಟು ಕಾರು ಇಟ್ಟುಕೊಳ್ಳುತ್ತಾರಪ್ಪ, ಮಾರುವ ಕಾರೆಲ್ಲ ಅವರದ್ದೇ — ಡ್ರೈವರ್ ಸೀಟಿನ ಬಲ ಅಂಚು ಒತ್ತಿದ, ಹತ್ತುವಾಗ ಇಳಿಯುವಾಗ ತೊಡೆ ಉಜ್ಜುವ ಜಾಗ, ಒಳಗೆ ಫೋಮು ಪುಡಿಪುಡಿ, ಲಕ್ಷ ದಾಟಿದ ಟ್ಯಾಕ್ಸಿ ಅದು, ಬೆಳ್ಳಗಿರುವುದೆಲ್ಲ ಹಾಲಲ್ಲ. ಆಮೇಲೆ ಗುಬ್ಬಿಯ ರವೀಶ ಅನ್ನುವವನದು, ಹೊಸ ಕವರು ಹೊಲಿಸಿ ನಿಲ್ಲಿಸಿದ್ದ, ಮಾರುವ ಮುಂಚೆ ಹೊಸ ಕವರು ಹೊಲಿಸುವವನ ಮೇಲೆ ಒಂದು ಕಣ್ಣಿರಲಿ, ಕೊಕ್ಕೆ ಬಿಚ್ಚಿ ಒಳಗೆ ಬೆರಳಾಡಿಸಿದರೆ ಉಗುರಿನ ತುಂಬ ಕೆರೆ ಮಣ್ಣು, ಕೋಡಿ ಬಿದ್ದ ವರ್ಷ ನೀರಲ್ಲಿ ಮುಳುಗಿ ಎದ್ದ ಗಾಡಿ. ವಾಪಸ್ ಬರುವಾಗ ಬಿದರೆಹಳ್ಳಿ ಕಾವಲ್‌ನ ಹೆಲಿಕಾಪ್ಟರ್ ಫ್ಯಾಕ್ಟರಿ ಕಡೆಯಿಂದ ಒಂದು ಹೆಲಿಕಾಪ್ಟರ್ ತಲೆಯ ಮೇಲೆ ಹಾರಿತು, ರೇಣುಕಾಪ್ರಸಾದ ಕೂಗಿದ, ಪಾಷಾ, ಅದರ್ದೂ ಒಂದ್ಸಲ ಸೀಟ್ ಒತ್ತಿ ನೋಡ್ತೀಯೇನೋ, ಇಬ್ಬರೂ ಸ್ಕೂಟರಿನ ಮೇಲೆ ಬೀಳುವಷ್ಟು ನಕ್ಕಿದ್ದರು. ಎರಡು ಸಲ ಸೀಟು ನಿಜ ಹೇಳಿತ್ತು, ಅಲ್ಲೇ ಅವನಿಗೆ ಕೊಂಬು ಬಂದದ್ದು.

ಮೂರನೆಯದು ಇದೇ ಬೂದು ಕಾರು, ಹೋದ ಭಾನುವಾರ, ಕಣ್ಣಿನ ಆಪರೇಷನ್ ಆದಮೇಲೆ ಸ್ಟೀರಿಂಗ್ ಹಿಡಿಯಬೇಡಿ ಅಂದಿದ್ದಾರೆ ಅಂತ ಮೇಷ್ಟ್ರು ಮಾರಲು ಹೊರಟದ್ದು, ಮೀಟರಿನಲ್ಲಿ ನಲವತ್ತೊಂದು ಸಾವಿರ, ಡ್ರೈವರ್ ಸೀಟು ಗಟ್ಟಿ, ಇಂಜಿನ್ ಕೇಳಿ ರೇಣುಕಾಪ್ರಸಾದನ ಮುಖ ಅರಳಿತ್ತು — ಆದರೆ ಎಡಗಡೆ ಸೀಟಿನಲ್ಲಿ ಗುಂಡಿ, ಅಂಗೈ ಮುಳುಗುವ ಗುಂಡಿ, ಬಗ್ಗಿ ಕೆಳಗೆ ಕೈ ಹಾಕಿದರೆ ಕಂಬಿಯ ಸಂದಿಯಲ್ಲಿ ಒಂದು ಅವರೆಕಾಯಿ ಸಿಪ್ಪೆ, ಒಣಗಿ ಸುರುಳಿ ಸುತ್ತಿಕೊಂಡದ್ದು. ಸಿಕ್ಕಿಬಿದ್ದರು ಮೇಷ್ಟ್ರು, ಅವರೆ ಕಾಲದಲ್ಲಿ ಹಿಂದೆ ಮೂಟೆ ಹೇರಿ, ಮುಂದೆ ವ್ಯಾಪಾರಿಯನ್ನು ಕೂರಿಸಿಕೊಂಡು ಮಾರ್ಕೆಟ್ಟಿಗೆ ಬಾಡಿಗೆ ಹೊಡೆದ ಗಾಡಿ, ಡ್ರೈವರ್ ಸೀಟಿಗೆ ಹೊಸ ಫೋಮು ಹಾಕಿ ಮೀಟರ್ ತಿರುಗಿಸಿದ್ದಾರೆ. ಮನ್ಸ ಸುಳ್ ಹೇಳ್ತಾನೆ ಮೇಷ್ಟ್ರೇ, ಸೀಟ್ ಸುಳ್ ಹೇಳಲ್ಲ — ಬೇಲಿಯಾಚೆ ಅಕ್ಕಪಕ್ಕದವರು ನಿಂತಿದ್ದರು, ಅವರ ಮುಂದೆಯೇ ಅಂದುಬಿಟ್ಟಿದ್ದ. ಮೇಷ್ಟ್ರು ಕನ್ನಡಕ ತೆಗೆದರು, ಪಂಚೆಯ ತುದಿಯಲ್ಲಿ ಒರೆಸಿದರು, ಒರೆಸಿದ್ದನ್ನೇ ಒರೆಸಿದರು, ಬ್ಯಾಡ ಅಂದ್ರೆ ಬಿಡಿ ಸಾಹೇಬ್ರೇ. ಆ ಸಿಪ್ಪೆಯನ್ನು ಸಾಕ್ಷಿ ಅಂತ ಜೇಬಿಗೆ ಹಾಕಿಕೊಂಡು ಬಂದಿದ್ದ, ಈಗಲೂ ಜೇಬಿನಲ್ಲಿದೆ, ಇವತ್ತು ಎದೆಗೆ ಚುಚ್ಚುತ್ತಿದೆ, ಯಾಕೆಂದರೆ ನಿನ್ನೆ ರೇಣುಕಾಪ್ರಸಾದ ಅಂಗಡಿಗೆ ಬಂದು ಬೈದ, ಆ ಗಾಡಿ ಸರ್ವೀಸ್ ಮಾಡೋನು ನನ್ ಜೊತೆ ಕೆಲ್ಸ ಕಲ್ತೋನ್ ಕಣೋ, ವರ್ಷವರ್ಷ ಮೀಟರ್ ಬರ್ದಿಟ್ಟವ್ನೆ, ಒಂದ್ ಕಿಲೋಮೀಟ್ರೂ ಸುಳ್ಳಿಲ್ಲ. ಹಂಗಾದ್ರೆ ಗುಂಡಿ ಎಲ್ಲಿಂದ ಬಂತು. ಅದ್ ನಿನ್ ಇಲಾಖೆ, ನೀನೇ ಹೋಗಿ ಕೇಳು. ಅಮೀನಾ ಬೀ ಅಡುಗೆಮನೆಯಿಂದಲೇ, ಕೂರೋಳು ನಾನು, ಒತ್ತಿ ಒತ್ತಿ ನೋಡೋರು ನೀವಿಬ್ರು, ಇದೊಂದ್ ಸಲ ಆಟೋದ ನೋವು ತಡ್ಕೋತೀನಿ, ನಾನೂ ಬರ್ತೀನಿ ನಡೀರಿ.

ಟಪ್. ಇಲಿಯಲ್ಲ, ಗೇಟು ತೆರೆದರೆ ಕಾಣುತ್ತದೆ, ಕಾರಿನ ಎಡಬಾಗಿಲು ತೆರೆದಿದೆ, ಒಳಗೆ ಒಬ್ಬ ಹೆಂಗಸು ಕೂತಿದ್ದಾಳೆ, ಒಂದು ಕಾಲು ಹೊರಗೆ, ತೊಡೆಯ ಮೇಲೆ ಮೊರ, ಮೊರದ ತುಂಬ ಅವರೆಕಾಯಿ, ಹೆಬ್ಬೆರಳು ಒತ್ತುತ್ತದೆ, ಟಪ್, ಕಾಳು ಮೊರಕ್ಕೆ, ಸಿಪ್ಪೆ ಬಕೆಟ್ಟಿಗೆ, ಕೆಲವು ಗುರಿ ತಪ್ಪಿ ಸೀಟಿನ ಕೆಳಕ್ಕೆ, ಗಾಳಿಯಲ್ಲಿ ಸೊಗಡು ಘಮ್ಮೆನ್ನುತ್ತದೆ. ಯಾರು, ಓ ಕಾರ್ ನೋಡಕ್ ಬಂದಿದ್ರಲ್ಲ ಅವ್ರಾ, ತಡೀರಪ್ಪ, ಎದ್ಬುಡ್ತೀನಿ, ಹೋದ್ಸಲ ನೀವ್ ಬರ್ತೀರಾ ಅಂತ ಎಲ್ಲಾ ಗುಡ್ಸಿ, ನನ್ನ, ಈ ಗಿರಿಯಮ್ಮನ್ನ, ಒಳಿಕ್ಕೆ ಕಳಿಸ್ಬುಟ್ಟಿದ್ರು ನಮ್ ಮೇಷ್ಟ್ರು, ಏನ್ ಮಾಡದಪ್ಪ, ಬೆನ್ನು ನೋವು, ಕುರ್ಚಿ ಆಗಕಿಲ್ಲ, ಮಂಚ ಆಗಕಿಲ್ಲ, ಇದೊಂದ್ ಸೀಟು ಸರಿಹೋಯ್ತದೆ, ಆರು ವರ್ಷದಿಂದ ದಿನಾ ಇಲ್ಲೇ ಕೂತ್ಕಳದು, ಸೊಪ್ಪು ಸೋಸದೂ ಇಲ್ಲೇ, ಕಾಯಿ ಬಿಡಿಸದೂ ಇಲ್ಲೇ. ನಿಂತ ಕಾರಿನಲ್ಲಿ, ಆರು ವರ್ಷ! ಕೂತು ಊರೂರು ಓಡಿದವರ ಗುಂಡಿ ಅವನಿಗೆ ಗೊತ್ತು, ಕೂತು ಕೂತಲ್ಲೇ ಇದ್ದವರ ಗುಂಡಿ ಅಕ್ರಂ ಪಾಷಾ ಈವರೆಗೆ ಕಂಡಿರಲಿಲ್ಲ. ಸೀಟು ನಿಜವನ್ನೇ ಹೇಳಿತ್ತು, ಓದಿದವನು ದಡ್ಡ, ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಏಳನೇ ಕ್ಲಾಸಿನಲ್ಲಿ ಇಂಥದೇ ಒಬ್ಬ ಮೇಷ್ಟ್ರು ಹೊಡೆದು ಬರೆಸಿದ್ದ ಗಾದೆ, ಈಗ ಆ ಏಟು ಬೀಳುತ್ತಿದೆ. ಜಗಲಿಯಲ್ಲಿ ನರಸಯ್ಯ, ಅದೇ ಪಂಚೆ, ಅದೇ ಕನ್ನಡಕ. ತಪ್ಪಾಯ್ತು ಮೇಷ್ಟ್ರೇ, ನಾಲ್ಕ್ ಜನದ್ ಮುಂದೆ ಆ ಮಾತ್ ಆಡ್ಬಾರ್ದಿತ್ತು, ಬೇಕಾದ್ರೆ ಅವರ್ನೇ ಕರೀರಿ, ಅವ್ರ್ ಮುಂದೇನೇ ಹೇಳ್ತೀನಿ. ಮೇಷ್ಟ್ರು ಇಳಿದು ಬಂದರು, ಹೆಂಡ್ತಿ ಕಾರಲ್ಲಿ ಕೂತು ಅವರೆಕಾಯಿ ಬಿಡಿಸ್ತಾಳೆ ಅಂದಿದ್ರೆ ನೀವ್ ನಂಬ್ತಿದ್ರಾ. ಇಲ್ಲ, ಖಂಡಿತ ನಂಬುತ್ತಿರಲಿಲ್ಲ, ಇನ್ನೂ ನಾಲ್ಕು ಮಾತು ಹೆಚ್ಚಿಗೆ ಆಡುತ್ತಿದ್ದ.

ಆದರೆ ಈ ಕಾರು ಹೋದರೆ ಗಿರಿಯಮ್ಮ ಎಲ್ಲಿ ಕೂರುವುದು, ಮೇಷ್ಟ್ರಿಗೂ ಅದೇ ಯೋಚನೆ ಇದ್ದಂತಿದೆ, ಅಕ್ರಂನ ಅಂಗೈ ಆಗಲೇ ಗೇಣು ಹಾಕುತ್ತಿದೆ, ನೆಲದಿಂದ ಎರಡು ಗೇಣು, ಹಿಂದಕ್ಕೆ ಇಷ್ಟು ವಾಲು, ಅಮ್ಮಾ, ಇದೇ ಅಳತೆಗೆ ನಿಮ್ಗೊಂದು ಸೀಟ್ ಹೊಲ್ಕೊಡ್ತೀನಿ, ಜಗಲಿ ಮೇಲೆ ಇಟ್ಕೊಳ್ಳಿ, ದುಡ್ಡು ಗಿಡ್ಡು ಬೇಡ. ಗುಂಡೀನೂ ಮಾಡ್ಕೊಡ್ತೀಯಾ ಸಾಬಣ್ಣ. ಗುಂಡಿ ಮಾತ್ರ ನೀವೇ ಮಾಡ್ಕೋಬೇಕಮ್ಮ. ಗಿರಿಯಮ್ಮ ನಕ್ಕು ಎದ್ದಳು, ಬಾರವ್ವ ನೀನ್ ಕೂತ್ಕೊ, ಅಂತ ಅಮೀನಾ ಬೀಯ ಕೋಲು ತಾನು ಹಿಡಿದಳು, ಅಮೀನಾ ಮೊದಲು ಬೆನ್ನು ತಿರುಗಿಸಿ, ಬಾಗಿಲು ಹಿಡಿದು, ನಿಧಾನವಾಗಿ ಗುಂಡಿಯೊಳಗೆ ಇಳಿದಳು, ಈಗ ಬರುತ್ತದೆ ಆ ಯಾ ಅಲ್ಲಾ, ಅಕ್ರಂ ಹಲ್ಲು ಕಚ್ಚಿ ಕಾಯುತ್ತಾನೆ, ಬರಲಿಲ್ಲ, ಇನ್ನೂ ಬರಲಿಲ್ಲ, ಬದಲಿಗೆ ಅವಳು ಮೊರಕ್ಕೆ ಕೈ ಚಾಚಿದಳು, ಈ ಸೀಟ್ನ ನೀವ್ ಮಾತ್ರ ಮುಟ್ಬೇಡ್ರಿ, ಕವರು ಗಿವರು ಏನೂ ಹೊಲೀಬೇಡಿ, ಇಲ್ಲ ಮುಟ್ಟುವುದಿಲ್ಲ, ಮೂವತ್ತು ವರ್ಷದಲ್ಲಿ ಇದೊಂದು ಸೀಟನ್ನು ಮುಟ್ಟುವುದಿಲ್ಲ, ಶುಕ್ರವಾರ ಇದೇ ಕಾರಿನಲ್ಲಿ ಗುಬ್ಬಿ, ಅವಳ ಅಕ್ಕ ಬಾಗಿಲಲ್ಲೇ ನಿಂತಿರುತ್ತಾಳೆ, ಪೂರ್ತಿ ಮುಖ ಕಾಣುತ್ತದೆ, ಜೇಬಿನಲ್ಲಿ ಒಣ ಸಿಪ್ಪೆ, ಅಮೀನಾಳ ಬೆರಳಿನಲ್ಲಿ ಹಸಿ ಕಾಯಿ, ಟಪ್, ಕಾಳು ಮೊರಕ್ಕೆ, ಸಿಪ್ಪೆ ಜಾರಿ ಸೀಟಿನ ಕೆಳಕ್ಕೆ, ಹಸಿರು ಸಿಪ್ಪೆ, ಆ ಕಂಬಿಯ ಸಂದಿಯಲ್ಲೇ, ಅದೇ ಜಾಗದಲ್ಲಿ, ಒಂದು ಹಸಿರು ಸಿಪ್ಪೆ —