ಹೆಣದ ಗಾಡಿಗೆ ಬಿದ್ದ ಬೈಗುಳ

ಮುನ್ನೂರ ಎಂಬತ್ತೊಂದು ಚೀಟಿಗಳಲ್ಲಿ ನಮ್ಮ ಅಮ್ಮನನ್ನು ಬೈದಿದ್ದರು. ಎಲ್ಲ ಚೀಟಿ ಬಿಡಿಸಿದ್ದು ನಾನೇ, ಮೈಯೆಲ್ಲ ಉರಿಸಿಕೊಂಡಿದ್ದೂ ನಾನೇ. ಆದ್ದರಿಂದ ನನ್ನದು ತಪ್ಪು ಅನ್ನುವ ಮೊದಲು, ನಿಮ್ಮ ಅಮ್ಮನನ್ನು ಯಾರಾದರೂ ‘ದರಿದ್ರ ಮುದುಕಿ’ ಅಂದರೆ ನೀವೇನು ಮಾಡುತ್ತೀರಿ ಅಂತ ಸ್ವಲ್ಪ ಯೋಚಿಸಿ.

ಇದಕ್ಕೆಲ್ಲ ಮೂಲ ನಮ್ಮ ಅಕ್ಕ. ಅವಳಿಗೆ ಗೇಮ್ ಮಾಡುವ ಕಚೇರಿಯಲ್ಲಿ ಕೆಲಸ. ಕಚೇರಿ ಅಂದರೆ ಐದು ಮೇಜು, ಎಂಟು ಕಂಪ್ಯೂಟರ್, ಪಕ್ಕದ ಕಟ್ಟಡದ ಗೋಡೆಗೆ ತೆರೆಯುವ ಒಂದು ಕಿಟಕಿ. ಮೂರು ವರ್ಷದಿಂದ ಅಲ್ಲಿ ಬೇಯುತ್ತಿರುವುದು ಒಂದೇ ಗೇಮ್, ‘ಕರಿಡಾಂಬರು’. ಸೂರ್ಯ ಹುಟ್ಟದ ಊರು, ಹನ್ನೆರಡು ಗಾಡಿ. ಗುದ್ದಿ, ಸುಟ್ಟು, ಪುಡಿಮಾಡಿ, ಕೊನೆಗೆ ಉಳಿದವರು ಗೆದ್ದ ಹಾಗೆ. ಹನ್ನೊಂದು ಗಾಡಿಗಳಿಗೆ ಬಂದೂಕು, ಗರಗಸ, ಬೆಂಕಿ ಉಗುಳುವ ಕೊಳವೆ ಇವೆ. ಹನ್ನೆರಡನೆಯದು ಅಕ್ಕ ಮಾಡಿದ ಹೆಣದ ಗಾಡಿ.

ಉದ್ದ, ಕಪ್ಪು, ಆಮೆ ನಡಿಗೆ. ಒಂದು ಗುಂಡೂ ಇಲ್ಲ. ಅದು ಬೇರೆ ಗಾಡಿಯನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಅದನ್ನು ಓಡಿಸುತ್ತಿದ್ದವರನ್ನು ಎಳೆದು ತನ್ನ ಹೊಟ್ಟೆಯೊಳಗೆ ಹಾಕಿಕೊಳ್ಳುತ್ತದೆ. ಒಳಗೆ ಬಿದ್ದ ಆಟಗಾರರಿಗೆ ಪರದೆ ಪೂರ್ತಿ ಕತ್ತಲು. ಎಂಜಿನ್ ಸದ್ದು ಮತ್ತು ಗಾಡಿ ಓಡಿಸುವ ಅಜ್ಜಿಯ ಮಾತು, ಇಷ್ಟೇ. ಹೊರಗಿನವರು ಯಾರಾದರೂ ಆ ಗಾಡಿಯನ್ನು ಒಡೆದರೆ ಬಿಡುಗಡೆ. ಇಲ್ಲದಿದ್ದರೆ ಅಜ್ಜಿಯ ಉಪದೇಶ ಕೇಳುತ್ತಾ ಬಿದ್ದಿರಬೇಕು.

ಆ ಅಜ್ಜಿಯ ಧ್ವನಿ ನಮ್ಮ ಅಮ್ಮನದು. ಅಮ್ಮ ಕಾರು ಓಡಿಸುವುದನ್ನು ಕಲಿಸುತ್ತಾಳೆ. ಇಪ್ಪತ್ತೆರಡು ವರ್ಷದಿಂದ ಪಕ್ಕದ ಸೀಟಿನಲ್ಲಿ, ತನ್ನ ಕಾಲಡಿಗೂ ಒಂದು ಬ್ರೇಕು ಇಟ್ಟುಕೊಂಡು. ಅಕ್ಕ ಒಂದು ದಿನ ರೆಕಾರ್ಡರ್ ಹಿಡಿದು ಹಿಂದೆ ಕೂತು, ಅಮ್ಮ ಶಿಷ್ಯರಿಗೆ ಹೇಳಿದ್ದನ್ನೆಲ್ಲ ಹಿಡಿದುಕೊಂಡು ಬಂದಳು. ಗೇಮಿನಲ್ಲಿ ಸಿಕ್ಕಿಬಿದ್ದವರಿಗೆ ಅದೇ ಪಾಠ: “ಗಾಬರಿ ಬೇಡ ಕಂದಾ. ಕನ್ನಡಿ ನೋಡು. ಹಿಂದೆ ಏನಿದೆ ಅಂತ ನೋಡ್ಕೊಂಡೇ ಮುಂದೆ ಹೋಗ್ಬೇಕು.”

ನಾನು ಈ ಗೇಮನ್ನು ಒಂದು ಸಲವೂ ಆಡಿಲ್ಲ. ಪರದೆಯಲ್ಲಿ ಗಾಡಿ ತಿರುಗಿದರೆ ನನ್ನ ಹೊಟ್ಟೆಯೂ ತಿರುಗುತ್ತದೆ. ಆದರೆ ಕಾಲೇಜಿನ ನೋಟ್ಸಿನಿಂದ ಹಿಡಿದು ಜಗಳದವರೆಗೆ ಎಲ್ಲವನ್ನೂ ಫೋನಿನಲ್ಲೇ ಬರೆಯುವವಳು ನಾನು, ಅದೂ ಗಾಳಿಯ ವೇಗದಲ್ಲಿ. ಅದಕ್ಕೇ ಅಕ್ಕ ನನಗೊಂದು ಕೆಲಸ ಕೊಡಿಸಿದಳು. ನಾಲ್ಕು ಶನಿವಾರ ಒಂದು ಹಾಲ್ ಹಿಡಿದು, ಆಟಗಾರರನ್ನು ಕರೆಸಿ ಗೇಮ್ ಆಡಿಸಿದರು. ಆಡಿದವರು ಯಾವ ಗಾಡಿ ಹೇಗಿತ್ತು ಅಂತ ಚೀಟಿಯಲ್ಲಿ ಬರೆದು ಡಬ್ಬಕ್ಕೆ ಹಾಕಬೇಕು. ನಾನು ಆ ಚೀಟಿಗಳನ್ನು ಮನೆಗೆ ತಂದು ಫೋನಿನಲ್ಲಿ ಪಟ್ಟಿ ಮಾಡಬೇಕು.

ಅಕ್ಕನ ಮೇಲಧಿಕಾರಿಗೆ ನಾವು ಇಟ್ಟ ಹೆಸರು ಇಸ್ತ್ರಿ. ಅವರ ಅಂಗಿ ಮಾತ್ರವಲ್ಲ, ಮುಖ, ಮಾತು ಎಲ್ಲವೂ ಇಸ್ತ್ರಿ ಮಾಡಿದ ಹಾಗೆ. ಅವರು ನನಗೆ ಹೇಳಿದ್ದು ಇಷ್ಟೇ: “ಹೇಸಿಗೆ ಮಾತಿದ್ರೆ ಬಿಟ್ಬಿಡಮ್ಮ. ಮಿಕ್ಕಿದ್ದೆಲ್ಲ ಹಾಕು.”

ಮೊದಲ ಶನಿವಾರದ ಡಬ್ಬ ತೆರೆದೆ. ಗರಗಸದ ಜೀಪಿನ ಮೇಲೊಂದು ಚೀಟಿ: ‘ಮನೆಹಾಳು ಜೀಪು.’ ನಕ್ಕು, ಪಟ್ಟಿಗೆ ಹಾಕಿದೆ. ನನಗೇನು, ಅದೇನು ನಮ್ಮ ಜೀಪೇ? ಮುಂದಿನ ಚೀಟಿ: ‘ಈ ಹೆಣದ ಗಾಡಿ ಮಾಡಿದವರ ಮನೆ ಹಾಳಾಗ.’

ಇದು ನಮ್ಮ ಮನೆ! ನಾನು ಕೂತಿದ್ದ ಮನೆ!

ಆಮೇಲೆ ಸುರಿಮಳೆ. ‘ಆ ಮುದುಕಿ ಬಾಯಿಗೆ ಮಣ್ಣು ಬೀಳ.’ ‘ಕನ್ನಡಿ ನೋಡು ಕಂದಾ ಅಂತೆ, ನಿನ್ನ ಕನ್ನಡಿ ಒಡೆದುಹೋಗ.’ ‘ದರಿದ್ರ ಮುದುಕಿ.’ ಅಮ್ಮ ಅಲ್ಲೇ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಾಳೆ, ಇಲ್ಲಿ ಯಾವನೋ ಅವಳ ಬಾಯಿಗೆ ಮಣ್ಣು ಹಾಕುತ್ತಿದ್ದಾನೆ! ನನ್ನ ಕಿವಿ ಕಾದ ಹೆಂಚಾಯಿತು. ಹೇಸಿಗೆ ಮಾತು ಯಾವುದು, ಅಲ್ಲದ್ದು ಯಾವುದು ಅಂತ ತೂಗಿ ನೋಡಲು ನನಗೆ ತಾಳ್ಮೆ ಇರಲಿಲ್ಲ. ಹೆಣದ ಗಾಡಿಯ ಚೀಟಿಯ ಮೊದಲ ಸಾಲಿನಲ್ಲಿ ಬೈಗುಳ ಕಂಡರೆ ಸಾಕು, ಎರಡನೇ ಸಾಲು ಓದದೆ ಚೀಟಿಯನ್ನು ಮುದುರಿ ಗೋಣಿಚೀಲಕ್ಕೆ ಎಸೆದೆ. ನಾಲ್ಕು ಶನಿವಾರವೂ ಅದೇ. ಹಲ್ಲು ಕಡಿಯುತ್ತಾ, ಚೀಟಿ ಬರೆದವರ ಏಳು ತಲೆಮಾರನ್ನು ಮನಸ್ಸಿನಲ್ಲೇ ತೊಳೆಯುತ್ತಾ.

ಹೆಣದ ಗಾಡಿಗೆ ಪಟ್ಟಿಯಲ್ಲಿ ಉಳಿದದ್ದು ಐವತ್ನಾಲ್ಕು ಅಭಿಪ್ರಾಯ. ಎಲ್ಲವೂ ಸಭ್ಯ. ‘ಪರವಾಗಿಲ್ಲ.’ ‘ಬಣ್ಣ ಚೆನ್ನಾಗಿದೆ.’ ‘ಸ್ವಲ್ಪ ನಿಧಾನ.’ ಒಬ್ಬರಂತೂ ‘ಕುರ್ಚಿ ಆರಾಮವಾಗಿತ್ತು’ ಅಂತ ಬರೆದಿದ್ದರು. ಅಕ್ಕನ ಮಾನ ಉಳಿಸಿದೆ ಅಂತ ನಾನು ಬೀಗಿದೆ.

ಪಟ್ಟಿ ಕೊಟ್ಟ ಮೂರನೇ ದಿನ ಸಂಜೆ ಅಕ್ಕ ಬಂದು ಬ್ಯಾಗನ್ನು ಸೋಫಾದ ಮೇಲೆ ಎಸೆದಳು. ಅದು ಜಾರಿ ಕೆಳಗೆ ಬಿತ್ತು. ಅದನ್ನು ಒದ್ದಳು.

“ತೆಗೀತಾರಂತೆ.”

“ಏನನ್ನೇ?” ಅಂದಳು ಬಟ್ಟೆ ಮಡಿಸುತ್ತಿದ್ದ ಅಮ್ಮ.

“ನನ್ನ ಗಾಡೀನ. ಅದರ ಜಾಗಕ್ಕೆ ಬೆಂಕಿ ಆರಿಸೋ ಲಾರಿ ಹಾಕ್ತಾರಂತೆ. ನೀರು ಹೊಡೆಯುತ್ತಂತಮ್ಮಾ! ಸಾಯ್ಸೋ ಗೇಮಲ್ಲಿ ನೀರು! ಗಿಡಕ್ಕೆ ಹಾಕೋಕಾ?”

“ಯಾಕಂತೆ?”

“ಯಾರಿಗೂ ಏನೂ ಅನ್ನಿಸ್ಲಿಲ್ವಂತೆ. ಇಸ್ತ್ರಿ ಪಟ್ಟಿ ತೋರಿಸಿದ್ರು. ನೋಡಮ್ಮ, ಇಡೀ ಪಟ್ಟಿಲಿ ಇದೊಂದೇ ಸಪ್ಪೆ ಗಾಡಿ ಅಂದ್ರು. ಮೂರು ವರ್ಷ, ಅಮ್ಮಾ. ಮೂರು ವರ್ಷದ ಕೆಲಸಕ್ಕೆ ‘ಬಣ್ಣ ಚೆನ್ನಾಗಿದೆ’! ನಾನೇನು ಗೋಡೆಗೆ ಸುಣ್ಣ ಹೊಡೆದ್ನಾ?”

ನಾನು ಸಮಾಧಾನ ಮಾಡಲು ಹೋದೆ. “ಬಿಡೇ ಅಕ್ಕ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ. ಬೈಯದೆ ಬಿಟ್ರಲ್ಲ, ಅಷ್ಟೇ ಪುಣ್ಯ.”

“ಬೈಬೇಕಿತ್ತು ಕಣೇ!” ಅಕ್ಕ ಕಿರುಚಿದಳು. “ಗರಗಸದ ಜೀಪನ್ನ ‘ಮನೆಹಾಳು’ ಅಂದಿದ್ದಾರೆ. ಅದನ್ನ ಓದಿ ನಂಗೆ ಹೊಟ್ಟೆಕಿಚ್ಚಾಯ್ತು. ಈ ಗೇಮ್ ಆಡೋರು ಹೊಗಳೋದೇ ಹಂಗೆ. ಸಿಟ್ಟು ಬಂದೋನು ಮತ್ತೆ ಆಡ್ತಾನೆ. ಪರವಾಗಿಲ್ಲ ಅನ್ನೋನು ಮನೆಗೆ ಹೋಗ್ತಾನೆ. ಕತ್ತಲಲ್ಲಿ ಕೂಡಿಹಾಕಿ, ಅಮ್ಮನ ಕೈಲಿ ಪಾಠ ಹೇಳಿಸಿದೀನಿ, ಒಬ್ಬನಿಗಾದ್ರೂ ರೇಗಬೇಡ್ವಾ? ಒಬ್ಬನಿಗಾದ್ರೂ?”

ಸುಮ್ಮನಿದ್ದುಬಿಡಬಹುದಿತ್ತು. ಗೋಣಿಚೀಲ ಬಟ್ಟೆ ಒಗೆಯುವ ಮೆಷಿನ್ನಿನ ಹಿಂದಿತ್ತು, ಹಳೇ ಪೇಪರಿನವನು ಭಾನುವಾರ ಬರುವವನಿದ್ದ. ಆದರೆ ಅಕ್ಕ ನೆಲದ ಮೇಲೆ ಕುಸಿದು, ಒದ್ದ ಬ್ಯಾಗನ್ನೇ ತಬ್ಬಿಕೊಂಡು ಕೂತಿದ್ದಳು.

“ಅಕ್ಕ. ರೇಗಿತ್ತು.”

“ಯಾರಿಗೆ?”

“ಎಲ್ಲರಿಗೂ.”

ಗೋಣಿಚೀಲ ತಂದು ಮುಂದಿಟ್ಟೆ. ಅಕ್ಕ ಒಂದು ಚೀಟಿ ಬಿಡಿಸಿದಳು. ಇನ್ನೊಂದು. ಇನ್ನೊಂದು. ಅವಳು ನಗುತ್ತಾಳೆ ಅಂದುಕೊಂಡೆ, ದೇವರಾಣೆ. ಅವಳ ಮುಖ ಕೆಂಪಾಯಿತು, ಆಮೇಲೆ ಬಿಳಿಚಿತು.

“ಇದೇನಿದು?”

“ಬೈಗುಳ. ಅಮ್ಮನ್ನ ಬೈದಿದ್ರು. ಅದಕ್ಕೆ…”

“ಅಮ್ಮನ್ನ ಅಲ್ಲ ಕಣೇ, ಅಜ್ಜೀನ! ನಾನು ಮಾಡಿದ ಅಜ್ಜೀನ! ನೀನ್ಯಾರೇ ತೆಗೆಯೋಕೆ? ನಿನ್ನ ಬೈದ್ರಾ? ಇದು ನಂದು. ನಂಗೆ ಬಂದಿದ್ದು. ಮೂರು ವರ್ಷ ಕಾದಿದ್ದು ಇದಕ್ಕೇ.”

“ನಿನ್ನ ಮಾನ ಉಳಿಸೋಣ ಅಂತ…”

“ನನ್ನ ಮಾನ ಯಾರು ಕೇಳಿದ್ರು ನಿನ್ನ? ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜಾತಿ ನೀನು! ಎರಡನೇ ಸಾಲು ಓದೋಕೆ ಏನು ದಾಡಿ ನಿಂಗೆ?”

ನನಗೂ ರೇಗಿತು. “ಬೈದ್ರೆ ಹೊಗಳಿಕೆ ಅಂತ ನಂಗೇನು ಕನಸು ಬೀಳುತ್ತಾ? ಹೇಳ್ಬೇಕಿತ್ತು ನೀನು! ನಿನ್ನ ಗೇಮ್ ಆಡೋರೆಲ್ಲ ಹುಚ್ಚರು ಅಂತ ಮೊದಲೇ ಹೇಳ್ಬೇಕಿತ್ತು!”

“ಹೌದಮ್ಮಾ, ಹುಚ್ಚರೇ. ನೀನೊಬ್ಬಳು ಬುದ್ಧಿವಂತೆ. ನನ್ನ ಗಾಡಿಗೆ ನಿಜವಾಗಿ ಗುದ್ದಿದೋಳು ನೀನೊಬ್ಬಳೇ.”

ಇಷ್ಟು ಹೊತ್ತು ಚೀಟಿ ಓದುತ್ತಿದ್ದ ಅಮ್ಮ ಕನ್ನಡಕ ಮೇಲೇರಿಸಿದಳು. “ಏನ್ರೇ ಇದು, ಐವತ್ತೆರಡಕ್ಕೇ ನಾನು ಮುದುಕಿನಾ? ಎಲ್ಲಿದೆ ನಿಮ್ಮ ಕಚೇರಿ? ನಾಳೆ ನಾನೂ ಬರ್ತೀನಿ.”

ಬಂದೇ ಬಂದಳು. ಬೆಳಗ್ಗೆ ಹತ್ತು ಗಂಟೆಗೆ ಅಕ್ಕ ಇಸ್ತ್ರಿಯ ಮೇಜಿನ ಮೇಲೆ ಗೋಣಿಚೀಲ ಮಗುಚಿದಳು. ಚೀಟಿಗಳು ಕೀಬೋರ್ಡಿನ ಮೇಲೆ, ಟೀ ಲೋಟದೊಳಗೆ, ಅವರ ತೊಡೆಯ ಮೇಲೆಲ್ಲ ಬಿದ್ದವು. ನಾನು ಮಾಡಿದ್ದನ್ನು ನಾನೇ ಹೇಳಿದೆ. ಅಕ್ಕ ಹೇಳಿಸಿದಳು ಅನ್ನುವುದು ಸರಿ. ಬೆನ್ನಿಗೆ ಅವಳ ಬೆರಳು ಚುಚ್ಚುತ್ತಲೇ ಇತ್ತು.

ಇಸ್ತ್ರಿ ಒಂದು ಚೀಟಿಯನ್ನು ಎರಡು ಬೆರಳಲ್ಲಿ, ಸತ್ತ ಜಿರಲೆ ಹಿಡಿದ ಹಾಗೆ ಎತ್ತಿದರು. “ಇದೆಲ್ಲ ಬೈಗುಳ ಕಣಮ್ಮ. ನಾಳೆ ಹೂಡಿಕೆದಾರರು ಬರ್ತಾರೆ. ಇದನ್ನ ಅವರಿಗೆ ಹೆಂಗೆ ತೋರಿಸ್ಲಿ?”

“ನಂಗೆ ಬಿದ್ದ ಬೈಗುಳ ತಾನೇ? ನಾನು ಓದ್ತೀನಿ, ನೀವು ಕೇಳ್ರಪ್ಪ,” ಅಂದಳು ಅಮ್ಮ. ಕುರ್ಚಿ ಎಳೆದುಕೊಂಡು ಕೂತು, ಶಿಷ್ಯರಿಗೆ ಗೇರ್ ಹೇಳಿಕೊಡುವ ಅದೇ ಧ್ವನಿಯಲ್ಲಿ ಶುರು ಮಾಡಿದಳು. “‘ಅಜ್ಜಿ, ನಿನ್ನ ಬಾಯಿಗೆ ಬೀಗ ಬೀಳ. ಏಳು ಸಲ ನಿನ್ನ ಗಾಡೀಲಿ ಬಿದ್ದೆ. ಕೊನೇ ಎರಡು ಸಲ ಬೇಕಂತಲೇ ಬಿದ್ದೆ.’ ನೋಡಿದ್ಯಾ, ಒಳ್ಳೇ ಮಗು. ‘ದರಿದ್ರ ಮುದುಕಿ, ನಿನ್ನ ಮಾತು ಕೇಳಿ ಕತ್ತಲಲ್ಲಿ ನಿಜವಾಗ್ಲೂ ಕನ್ನಡಿ ಹುಡುಕಿದೆ. ಮುಂದಿನ ಶನಿವಾರ ನಿನ್ನ ಬಿಡಲ್ಲ.’ ‘ಇವಳನ್ನ ಒಡೆಯೋಕೆ ಅಂತಲೇ ನನ್ನ ಭಾವಮೈದುನನ್ನೂ ಕರ್ಕೊಂಡು ಬರ್ತೀನಿ.’”

ಎರಡನೇ ಸಾಲುಗಳು. ನಾನು ಓದದ ಎರಡನೇ ಸಾಲುಗಳು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಮೂಲೆಯ ಮೇಜಿನಿಂದ ಕೆಮ್ಮು ಕೇಳಿಸಿತು. ಅಲ್ಲಿ ಕೋಡ್ ಬರೆಯುವವನು ಕೂರುತ್ತಾನೆ. ವಾರಕ್ಕೆ ಮೂರು ಮಾತಾಡುತ್ತಾನೆ ಅಂತ ಎಲ್ಲರೂ ಅವನನ್ನು ಮೌನಿ ಅನ್ನುತ್ತಾರೆ. ಅವನು ಪರದೆಯಿಂದ ತಲೆ ಎತ್ತದೆ ಹೇಳಿದ: “ಅದರಲ್ಲಿ ಮೂರು ನಂದು. ನಾನು ಬರೆದ ಕೋಡಿಂದಲೇ ನಂಗೆ ತಪ್ಪಿಸ್ಕೊಳ್ಳೋಕಾಗ್ಲಿಲ್ಲ.”

ಇಸ್ತ್ರಿ ಹಣೆ ಒರೆಸಿಕೊಂಡರು. “ಸರಿ. ಗಾಡಿ ಇರಲಿ. ಆದ್ರೆ ಆ ಧ್ವನಿ ತೆಗೆಯೋಣ. ಬೈಗುಳವೆಲ್ಲ ಅದಕ್ಕೇ ಬಿದ್ದಿರೋದು.”

“ಧ್ವನಿ ಇಲ್ಲ ಅಂದ್ರೆ ಗಾಡಿನೂ ಇಲ್ಲ, ಸರ್,” ಅಂದಳು ಅಕ್ಕ. “ನಾನೂ ಇಲ್ಲ. ನೀರಿನ ಲಾರೀನ ನೀವೇ ಓಡಿಸ್ಕೊಳ್ಳಿ.” ಅವಳ ಧ್ವನಿ ಏರಿರಲಿಲ್ಲ. ಹಿಂದಿನ ಸಂಜೆ ಕಿರುಚಿದ್ದಕ್ಕಿಂತ ಇದಕ್ಕೇ ಹೆಚ್ಚು ಭಯವಾಯಿತು. ಅವಳಾಗಲೇ ಮೇಜಿನ ಮೇಲಿದ್ದ ತನ್ನ ಪೆನ್ನುಗಳನ್ನು ಒಟ್ಟುಮಾಡುತ್ತಿದ್ದಳು.

ಇಸ್ತ್ರಿ ಚೀಟಿಗಳ ಗುಡ್ಡೆ ನೋಡಿದರು, ಪಟ್ಟಿ ನೋಡಿದರು. “ಎಷ್ಟಿವೆ ಇವು?”

“ಮುನ್ನೂರ ಎಂಬತ್ತೊಂದು,” ಅಂದೆ ನಾನು. ಬೇರೆ ಯಾವ ಗಾಡಿಗೂ ನೂರು ದಾಟಿರಲಿಲ್ಲ. ಅದು ಅವರಿಗೂ ಗೊತ್ತಿತ್ತು.

ಇಸ್ತ್ರಿ ಎದ್ದುಹೋಗಿ ಗೋಡೆಯ ಬೋರ್ಡಿನ ಮೇಲೆ ಬೆಂಕಿ ಆರಿಸುವ ಲಾರಿಯ ಹೆಸರನ್ನು ಅಂಗೈಯಿಂದ ಒರೆಸಿದರು. ಶಾಯಿ ಅಂಗಿಯ ತೋಳಿಗೂ ಹತ್ತಿತು. “ಸಂಜೆ ಆರರೊಳಗೆ ಎಲ್ಲ ಚೀಟಿ ಪಟ್ಟಿಲಿ ಇರಬೇಕು. ಒಂದಕ್ಷರ ಬಿಡದೆ. ಹೂಡಿಕೆದಾರರು ಲೆಕ್ಕನೇ ನೋಡ್ಲಿ. ಆಮೇಲೆ ಈ ಹುಡುಗಿ ನಮಗೆ ಬೇಡ.”

ನನ್ನ ಪರವಾಗಿ ಅಕ್ಕ ಏನಾದರೂ ಹೇಳುತ್ತಾಳೆ ಅಂತ ಅವಳ ಮುಖ ನೋಡಿದೆ. ಅವಳು ಪೆನ್ನುಗಳನ್ನು ಮತ್ತೆ ಲೋಟಕ್ಕೆ ಹಾಕುತ್ತಿದ್ದಳು.

ಅಮ್ಮ ತನ್ನ ಹನ್ನೊಂದು ಗಂಟೆಯ ಶಿಷ್ಯೆ ಕಾಯುತ್ತಾಳೆ ಅಂತ ಹೊರಟುಹೋದಳು. ನಾನು ಗೋಡೆ ಕಾಣುವ ಕಿಟಕಿಯ ಕೆಳಗೆ ನೆಲದ ಮೇಲೆ ಕೂತು, ಮುದುರಿದ ಚೀಟಿಗಳನ್ನು ಮಂಡಿಯ ಮೇಲಿಟ್ಟು ನೀವಿ ನೀವಿ ಟೈಪ್ ಮಾಡಿದೆ. ಮಧ್ಯಾಹ್ನ ಊಟವಿಲ್ಲ. ಯಾರೂ ಕರೆಯಲೂ ಇಲ್ಲ. ಸಿಟ್ಟು ಒಂದು ಚೂರೂ ಇಳಿದಿರಲಿಲ್ಲ. ಬೈದವರ ಮೇಲೆ, ಇಸ್ತ್ರಿಯ ಮೇಲೆ, ಬೆನ್ನು ತಿರುಗಿಸಿ ಕೂತ ಅಕ್ಕನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಮೊದಲ ಸಾಲಿಗೇ ನಿಂತುಬಿಟ್ಟ ನನ್ನ ಕಣ್ಣಿನ ಮೇಲೆ. ‘ಮಣ್ಣು ಬೀಳ.’ ಹಾಕಿದೆ. ‘ಒಡೆದುಹೋಗ.’ ಹಾಕಿದೆ. ನನ್ನಮ್ಮನಿಗೆ ನನ್ನ ಕೈಯಾರೆ ಮುನ್ನೂರು ಸಲ ಬೈದೆ.

ಐದೂವರೆಗೆ ಅಕ್ಕ ಎದ್ದು ಬಂದಳು. ಫೋನನ್ನು ಕೈಯಿಂದ ಕಿತ್ತುಕೊಂಡು, ಆಗಷ್ಟೇ ಹಾಕಿದ ಸಾಲನ್ನೂ ಅದರ ಚೀಟಿಯನ್ನೂ ಪಕ್ಕಪಕ್ಕ ಹಿಡಿದು ನೋಡಿದಳು. ಅದನ್ನು ಬರೆದವರು ಪೆನ್ನನ್ನು ಎಷ್ಟು ಒತ್ತಿದ್ದರೆಂದರೆ ಕಾಗದ ತೂತಾಗಿತ್ತು.

“‘ಹಾಳಾಗಿ ಹೋಗು ಅಜ್ಜಿ’ ಆದ್ಮೇಲೆ ಒಂಬತ್ತು ಉದ್ಗಾರ ಚಿಹ್ನೆ ಇವೆ,” ಅಂದಳು. “ನೀನು ಮೂರು ಹಾಕಿದೀಯ.”

ಎಣಿಸಿದೆ. ಒಂಬತ್ತೇ ಇದ್ದವು. ಇನ್ನಾರು ಹಾಕಿದೆ. ಅವಳು ಅದನ್ನೂ ಎಣಿಸಿ ನೋಡಿ, ಮುಂದಿನ ಚೀಟಿ ಎತ್ತಿಕೊಟ್ಟಳು.